ಬೇಕೆಂದೇ ಬಿಟ್ಟ ಕಂಬ

ಬೆರಳು ಒತ್ತುವ ಮೊದಲೇ ಬೆರಳಿನ ಮನಸ್ಸು ತಿಳಿದುಕೊಳ್ಳುವ ಗ್ರಾಫಿಕ್ಸ್ ಕಾರ್ಡು ಹುಬ್ಬಳ್ಳಿಯ ಅಂಗಡಿಗಳಿಗೆ ಬಂದು ಒಂದೂವರೆ ವರ್ಷವಾಗಿತ್ತು. ಆಟ ಆಡುವವರೆಲ್ಲ ಕೊಂಡರು. ನಾನು ಕೊಂಡಿರಲಿಲ್ಲ. ಹಟದಿಂದಲ್ಲ. ನನ್ನ ಹಳೆಯ ಕಾರ್ಡು ಇನ್ನೂ ಸತ್ತಿರಲಿಲ್ಲ, ಅಷ್ಟೆ.

ಅದು ಒಂದು ಸೋಮವಾರ ಸತ್ತಿತು. ಫ್ಯಾನು ಗೊರಗೊರ ಎಂದು ಸದ್ದು ಮಾಡಿ ನಿಂತಿತು, ಪರದೆಯ ಮೇಲೆ ಹಸಿರು ಗೀಟುಗಳು ಎದ್ದವು, ಕೋಣೆಯಲ್ಲಿ ಸುಟ್ಟ ವಾಸನೆ ತುಂಬಿತು. ಸಾಯುವುದಕ್ಕೆ ಅದು ಆರಿಸಿಕೊಂಡ ಮುಹೂರ್ತ ನೋಡಿ. ಹುಬ್ಬಳ್ಳಿ ತಂಡದ ಆಯ್ಕೆ ಪಂದ್ಯಕ್ಕೆ ಇನ್ನು ಹದಿಮೂರು ದಿನ ಉಳಿದಿತ್ತು.

ನಾನು ಭುವನೇಶ್ವರಿ ಹೂಗಾರ. ವಯಸ್ಸು ಮೂವತ್ತೆಂಟು. ಬೆಳಿಗ್ಗೆ ಸಹಕಾರಿ ಸಂಘದ ಸೀರೆಗಳ ಮೇಲೆ ಕಸೂತಿ ಹಾಕುತ್ತೇನೆ, ಮಧ್ಯಾಹ್ನದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ದೀಪಕೋಟೆ ಆಡುತ್ತೇನೆ. ಎರಡನ್ನೂ ಒಂದೇ ಕೈಯಿಂದ ಮಾಡುತ್ತೇನೆ ಎಂದರೆ ಸಂಘದ ಹೆಂಗಸರೂ ನಗುತ್ತಾರೆ, ಆಟದ ಹುಡುಗರೂ ನಗುತ್ತಾರೆ. ಏಳು ವರ್ಷದಿಂದ ನಾನು ಹುಬ್ಬಳ್ಳಿ ತಂಡದ ಬಾಗಿಲಲ್ಲಿ ನಿಂತವಳು. ಪ್ರತಿ ಸಲ ಒಂದು ಮೆಟ್ಟಿಲಿನಲ್ಲಿ ತಪ್ಪಿಹೋಗುತ್ತದೆ. ಈ ಸಲ ಆರು ಜಾಗದಲ್ಲಿ ಐದು ತುಂಬಿ ಒಂದೇ ಉಳಿದಿತ್ತು. ಆ ಒಂದು ನನಗೆ ಬೇಕಾಗಿತ್ತು. ಬಹಳ ಬೇಕಾಗಿತ್ತು, ಅದನ್ನು ಮುಚ್ಚಿಟ್ಟು ಮಾತಾಡುವುದರಲ್ಲಿ ಅರ್ಥವಿಲ್ಲ.

ದೀಪಕೋಟೆ ಗೊತ್ತಿಲ್ಲದವರಿಗೆ ಎರಡು ಮಾತು. ಪರದೆಯ ಮೇಲೆ ಒಂದು ಕೋಟೆ, ಕೋಟೆಗೆ ಗೋಡೆಗಳು, ಗೋಡೆಯುದ್ದಕ್ಕೂ ಕಂಬಗಳು. ಒಂದು ಗೋಡೆಯ ಎಲ್ಲ ಕಂಬಗಳಿಗೂ ದೀಪ ಹಚ್ಚಿದರೆ ಆ ಗೋಡೆ ನಿಮ್ಮದು, ಹೆಚ್ಚು ಗೋಡೆ ಹಿಡಿದವರಿಗೆ ಆಟ. ಆದರೆ ಪಕ್ಕಪಕ್ಕದ ಎರಡು ದೀಪ ಉರಿಯುತ್ತಿದ್ದರೆ ಎದುರಾಳಿ ಗಾಳಿ ಬಿಟ್ಟು ಎರಡನ್ನೂ ಆರಿಸಬಹುದು. ಒಂಟಿ ದೀಪವನ್ನು ಆರಿಸಲು ಬರುವುದಿಲ್ಲ. ಒಂಟಿ ದೀಪಕ್ಕೆ ಗಾಳಿ ಬಿಟ್ಟರೆ ಬಿಟ್ಟವನ ಪರದೆಯೇ ನಾಲ್ಕು ಸೆಕೆಂಡು ಕತ್ತಲಾಗುತ್ತದೆ. ಎಲ್ಲರೂ ಸಾಲಾಗಿ ಹಚ್ಚುತ್ತಾ ಓಡುತ್ತಾರೆ, ಎದುರಾಳಿಯ ಗಾಳಿಗಿಂತ ಮುಂದೆ ಓಡಿದವರು ಗೆಲ್ಲುತ್ತಾರೆ.

ನಾನು ಓಡುವವಳಲ್ಲ. ನಾನು ಗಾವಂತಿ ಹಾಕುವವಳು. ಕಸೂತಿಯಲ್ಲಿ ಗಾವಂತಿ ಎಂದರೆ ಹೋಗುವಾಗ ಒಂದು ಹೊಲಿಗೆ ಹಾಕಿ ಒಂದು ಬಿಡುವುದು, ಬರುವಾಗ ಬಿಟ್ಟದ್ದನ್ನು ತುಂಬುವುದು. ಗಂಟು ಇರುವುದಿಲ್ಲ, ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ ಬರುತ್ತದೆ. ಆಟದಲ್ಲೂ ನಾನು ಅದನ್ನೇ ಮಾಡುತ್ತೇನೆ. ಒಂದು ಕಂಬ ಹಚ್ಚಿ ಒಂದು ಬಿಡುತ್ತಾ ಹೋಗುತ್ತೇನೆ. ಎಲ್ಲವೂ ಒಂಟಿ ದೀಪ, ಎದುರಾಳಿ ಹಲ್ಲು ಕಡಿಯುತ್ತಾ ನೋಡಬೇಕು. ತಿರುಗಿ ಬರುವಾಗ ಬಿಟ್ಟ ಕಂಬಗಳನ್ನು ತುಂಬುತ್ತೇನೆ. ಅಪಾಯವಿರುವುದು ಆ ವಾಪಸ್ ದಾರಿಯಲ್ಲಿ ಮಾತ್ರ.

ಹಳೆಯ ಆವೃತ್ತಿಯಲ್ಲಿ ಇದು ನಡೆಯುತ್ತಿತ್ತು. ಈ ವರ್ಷದಿಂದ ಆಯ್ಕೆ ಪಂದ್ಯ ಆಟದ ಹೊಸ ಆವೃತ್ತಿಯಲ್ಲಿ ಎಂದಾಗಿತ್ತು, ಅದು ನನ್ನ ಹಳೆಯ ಕಾರ್ಡಿನ ಮೇಲೆ ಓಡುತ್ತಿರಲಿಲ್ಲ. ಕಾರ್ಡು ಸಾಯದಿದ್ದರೂ ನಾನು ಹೊಸದು ಕೊಳ್ಳಲೇಬೇಕಿತ್ತು.

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ದಾವಲಸಾಬ್ ನದಾಫ್ ಎಂಬವರ ಅಂಗಡಿ ಇದೆ. ನಾವೆಲ್ಲ ನದಾಫ್ ಕಾಕಾ ಎನ್ನುತ್ತೇವೆ. ಮೂವತ್ತು ವರ್ಷದಿಂದ ಕಂಪ್ಯೂಟರ್ ಜೋಡಿಸುತ್ತಾ ಬಂದ ಮನುಷ್ಯ. ಹಳೆಯ ಕಾರ್ಡನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ, ಮೇಜಿನ ಮೇಲಿಟ್ಟರು.

"ಇದು ಹೋತು. ಈಗ ಪ್ಯಾಟ್ಯಾಗ ಎರಡ ಕಾರ್ಡ್ ಅದಾವ ನೋಡವಾ. ಒಂದು ಮುನ್ನೋಟ, ಒಂದು ಕೊರಾ."

"ಫರಕ್ ಏನ್ ಕಾಕಾ?"

"ಮುನ್ನೋಟ ಎಂಟು ಫ್ರೇಮಿನ್ಯಾಗ ಒಂದು ಖರೇ ಬರೀತೈತಿ. ಉಳದ ಏಳು ಊಹಾ ಮಾಡ್ತೈತಿ. ಅದಕ್ಕ ಚಿತ್ರ ಬೆಣ್ಣಿ ಹಂಗ ಜಾರ್ತೈತಿ. ನಿನ್ನ ಕೈನೂ ಊಹಾ ಮಾಡ್ತೈತಿ ಮತ್ತ. ಬಟನ್ ಒತ್ತೂ ಮೊದಲ ಬೆರಳು ಬಿಗಿ ಆಗ್ತೈತಲ್ಲ, ಅದನ್ನ ಮೌಸಿನಿಂದ ಓದ್ತೈತಿ. ನಾಕ ಕೋಟಿ ಮಂದಿ ಆಟ ನೋಡಿ ಕಲತೈತಿ. ನೀ ಒತ್ತೂದ್ರಾಗ ಅದು ಒತ್ತಿ ಮುಗಿಸಿರ್ತೈತಿ."

"ಊಹಾ ತಪ್ಪಿದ್ರ?"

"ವಾಪಸ್ ತಗೋತೈತಿ ಅಂತಾರ."

"ಕೊರಾ?"

"ಕೊರಾ ಊಹಾ ಮಾಡಂಗಿಲ್ಲ. ಆಗಿದ್ದನ್ನ ಆದಂಗ ತೋರಸ್ತೈತಿ. ಸಾವಕಾಶ. ಅದನ್ನ ಕೇಳವರು ಯಾರೂ ಇಲ್ಲ, ಮೂರು ತಿಂಗಳಾತು, ಮಾರಾಕ ಇಟ್ಟ ಎರಡು ಡಬ್ಬಿ ಒಡದಿಲ್ಲ."

ನದಾಫ್ ಕಾಕಾನ ಅಂಗಡಿಗೆ ಒಂದು ಪದ್ಧತಿ ಇದೆ. ಎರಡು ಕಾರ್ಡುಗಳ ನಡುವೆ ಗಿರಾಕಿ ಒದ್ದಾಡುತ್ತಿದ್ದರೆ ಅವರು ಏನೂ ಹೇಳುವುದಿಲ್ಲ. ಒಳಗೆ ಎರಡು ಕಂಪ್ಯೂಟರ್ ಇವೆ, ಎರಡಕ್ಕೂ ಹಸಿರು ಬಟ್ಟೆಯ ಮುಸುಕು. ಯಾವುದರಲ್ಲಿ ಯಾವ ಕಾರ್ಡು ಎಂದು ಗಿರಾಕಿಗೆ ಗೊತ್ತಿರುವುದಿಲ್ಲ. ಎರಡರಲ್ಲೂ ಒಂದೊಂದು ಆಟ ಆಡಬೇಕು, ಬೆರಳು ತೋರಿಸಬೇಕು. ಬೆರಳು ತೋರಿಸಿದ ಮೇಲೆ ಕಾಕಾ ಚಕಾರ ಎತ್ತುವುದಿಲ್ಲ, ಅದು ಅವರು ತಾವೇ ಹಾಕಿಕೊಂಡ ಕಟ್ಟು.

ಮೊದಲನೆಯದರಲ್ಲಿ ಕುಳಿತೆ. ನನ್ನ ಜನ್ಮದಲ್ಲಿ ಹಾಗೆ ಆಡಿರಲಿಲ್ಲ. ಕೋಟೆ ನೀರಿನಂತೆ ಹರಿಯಿತು. ಕೈ ಹಗುರವಾಯಿತು, ಎಲ್ಲಿ ನೋಡಿದರೂ ದೀಪ, ಎದುರಾಳಿಯಾಗಿದ್ದ ಯಂತ್ರ ಎರಡು ನಿಮಿಷದಲ್ಲಿ ಸೋತಿತು. ಎರಡನೆಯದರಲ್ಲಿ ಪರದೆ ತಡವರಿಸಿತು, ಕಣ್ಣು ಉರಿಯಿತು, ಹನ್ನೊಂದು ನಿಮಿಷ ಗುದ್ದಾಡಿ ಹೇಗೋ ಗೆದ್ದೆ. ಎದ್ದು ಮೊದಲನೆಯದಕ್ಕೆ ಬೆರಳು ತೋರಿಸಿದೆ.

ಕಾಕಾ ನನ್ನ ಮುಖ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ತಮ್ಮ ಕಟ್ಟು ನೆನಪಾಗಿ ಮುಚ್ಚಿಕೊಂಡರು. ಮುಸುಕು ತೆಗೆದರೆ ಮುನ್ನೋಟ.

ಮನೆಯಲ್ಲಿ ಹಬ್ಬ. ನನ್ನ ಗಂಡ ಶಿವಯೋಗಿ ಹುಬ್ಬಳ್ಳಿ-ಧಾರವಾಡದ ನಡುವೆ ಬಸ್ಸು ಓಡಿಸುತ್ತಾರೆ. ಡ್ಯೂಟಿ ಮುಗಿಸಿ ಬಂದವರು ಕುರ್ಚಿ ಎಳೆದು ನನ್ನ ಪಕ್ಕ ಕುಳಿತು ಆಟ ನೋಡುತ್ತಿದ್ದರು. ಹಿಂದೆ ಚಾಪೆಯ ಮೇಲೆ ನನ್ನ ಅತ್ತೆ ಗೌರವ್ವ, ಕೈಯಲ್ಲಿ ಸೂಜಿ. ಕಸೂತಿ ನನಗೆ ಕಲಿಸಿದವರು ಅವರೇ. ಮೊದಲ ಐದು ದಿನದಲ್ಲಿ ಇಪ್ಪತ್ತು ಆಟ ಆಡಿದೆ, ಹತ್ತೊಂಬತ್ತು ಗೆದ್ದೆ.

"ಈ ಸಲ ಜಾಗಾ ನಿಂದ," ಎಂದರು ಶಿವಯೋಗಿ.

ಅತ್ತೆ ಕನ್ನಡಕ ಏರಿಸಿಕೊಂಡು ಪರದೆಯನ್ನೇ ದಿಟ್ಟಿಸುತ್ತಿದ್ದರು. "ಭುವನಾ, ನೀ ಕಂಬಾ ಬಿಡವಲ್ಲಿ ಯಾಕ?"

"ಬಿಡಾಕತ್ತೀನಲ್ರಿ ಅತ್ತಿ."

"ಎಲ್ಲಿ ಬಿಡಾಕತ್ತಿ? ಎಲ್ಲಾ ಸಾಲಾಗಿ ಹತ್ತಾಕತ್ತಾವ. ಊರ ಮಂದಿ ಆಡಿದಂಗ ಆಡಾಕತ್ತಿ."

"ಗೆಲ್ಲಾಕತ್ತಾಳಲ್ಲ ಯವ್ವಾ, ಬಿಡು," ಎಂದರು ಶಿವಯೋಗಿ.

"ಗೆಲ್ಲಾಕತ್ತಾಳೋ, ಮತ್ಯಾರೋ," ಎಂದು ಅತ್ತೆ ಸೂಜಿಗೆ ದಾರ ಪೋಣಿಸಿದರು.

ನನಗೆ ಸಿಟ್ಟು ಬಂತು. ನಿಜವನ್ನು ಬೇರೆಯವರು ನನಗಿಂತ ಮೊದಲು ನೋಡಿದಾಗ ನನಗೆ ಬರುವ ಸಿಟ್ಟು ಅದು. ಬಿಡಬೇಕೆಂದು ನಾನು ದಾಟಿದ ಕಂಬಗಳೂ ಹೊತ್ತಿಕೊಳ್ಳುತ್ತಿದ್ದವು. ನಾನು ಅದನ್ನು ಕಂಡಿದ್ದೆ. ಗೆಲುವು ಬರುತ್ತಿತ್ತು, ಹಾಗಾಗಿ ಕಾಣದವಳ ಹಾಗೆ ಇದ್ದೆ.

ಆರನೆಯ ದಿನ ಬೆಳಿಗ್ಗೆ ಸಂಘದ ಸೀರೆ ಹಿಡಿದು ಕುಳಿತೆ. ಸೆರಗಿನ ಮೇಲೆ ನವಿಲು. ನಾಲ್ಕು ಎಳೆ ಎತ್ತಬೇಕು, ನಾಲ್ಕು ಎಳೆ ಬಿಡಬೇಕು. ಇಪ್ಪತ್ತು ವರ್ಷದಿಂದ ಈ ಲೆಕ್ಕ ನನ್ನ ಕೈಗೆ ಹೇಳಿಕೊಡಬೇಕಾಗಿ ಬಂದಿಲ್ಲ. ನವಿಲಿನ ಕತ್ತಿನವರೆಗೆ ಹೋಗಿ ನೋಡುತ್ತೇನೆ, ಬಿಡಬೇಕಾದ ಜಾಗದಲ್ಲೆಲ್ಲ ಹೊಲಿಗೆ ಬಿದ್ದಿದೆ. ಹೋಗುವ ದಾರಿಯಲ್ಲೇ ಎಲ್ಲ ತುಂಬಿಬಿಟ್ಟಿದ್ದೆ. ತಿರುಗಿ ಬರಲು ಜಾಗವೇ ಇರಲಿಲ್ಲ.

ಬಿಚ್ಚಿದೆ. ಮತ್ತೆ ಹಾಕಿದೆ. ಮತ್ತೆ ಅದೇ. ಬಿಡು ಎಂದು ನಾನು ಹೇಳುತ್ತೇನೆ, ಬೆರಳು ಬಿಡುವುದಿಲ್ಲ. ಆ ಕಾರ್ಡು ನನ್ನ ಕೈಯಿಂದ ಕಲಿಯುತ್ತಿರಲಿಲ್ಲ, ನನ್ನ ಕೈಗೆ ಕಲಿಸುತ್ತಿತ್ತು. ನನಗೆ ಹೆದರಿಕೆಯಾಯಿತು. ಜಾಗ ಹೋದರೆ ಮುಂದಿನ ವರ್ಷ ಮತ್ತೆ ನಿಲ್ಲಬಹುದು. ಕೈ ಹೋದರೆ ನಾನು ಯಾರು? ಅತ್ತೆ ಸೀರೆಯನ್ನು ನನ್ನ ತೊಡೆಯ ಮೇಲಿಂದ ಎತ್ತಿಕೊಂಡು ಒಂದೊಂದೇ ಹೊಲಿಗೆ ಬಿಚ್ಚತೊಡಗಿದರು.

ಮುನ್ನೋಟ ಕಂಪನಿಯ ಪರೀಕ್ಷಾ ಕೇಂದ್ರ ಧಾರವಾಡದ ಹೊರಗಿದೆ. ಗಂಡನ ಬಸ್ಸಿನಲ್ಲೇ ಕುಳಿತು, ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಬಾಗಿಲಲ್ಲಿ ತಡೆದರು, ಜಗಳ ಮಾಡಿದೆ. ಜಗಳ ಕೇಳಿ ಹೊರಗೆ ಬಂದವರು ಶರ್ವಾಣಿ ಜೋಶಿ ಎಂಬ ಎಂಜಿನಿಯರ್. ಕೈಯ ಊಹೆಯ ವಿಭಾಗ ಅವರದೇ. ನನಗಿಂತ ಚಿಕ್ಕವರು, ಶಾಂತ ಮುಖ.

"ಬರ್ರಿ ಒಳಗ. ನಿಮ್ಮ ಆಟ ಎಲ್ಲಾ ಕಾರ್ಡಿನ್ಯಾಗ ದಾಖಲ ಇರ್ತದ. ನೋಡೋಣು."

ಒಳಗೆ ತಣ್ಣನೆಯ ಕೋಣೆ, ಗೋಡೆ ತುಂಬ ಪರದೆಗಳು. ಕಾರ್ಡನ್ನು ಯಂತ್ರಕ್ಕೆ ಸಿಕ್ಕಿಸಿ ನನ್ನ ಇಪ್ಪತ್ತನೆಯ ಆಟವನ್ನು ತೆರೆದರು. ನನ್ನ ಬೆರಳು ಕೇಳಿದ್ದು ನೀಲಿ, ಕಾರ್ಡು ಮಾಡಿದ್ದು ಹಳದಿ. ಪರದೆ ತುಂಬ ಹಳದಿ. ನೀಲಿ ಅಲ್ಲೊಂದು ಇಲ್ಲೊಂದು.

"ಇದರಾಗ ನಾನೆಲ್ಲಿ?" ಎಂದೆ.

ಜೋಶಿಯವರು ಪ್ರಾಮಾಣಿಕರು, ಸುಳ್ಳು ಹೇಳಲಿಲ್ಲ. "ನೂರಕ್ಕ ಹದಿನಾರು ನಿಮ್ಮದು. ನೀವು ಕಂಬ ದಾಟಿ ಹೋಗೋವಾಗ ನಿಮ್ಮ ಬೆರಳು ಸ್ವಲ್ಪ ಬಿಗಿ ಆಗ್ತದ. ಕಾರ್ಡು ಅದನ್ನ ನೋಡಿ, ಇವರಿಗೆ ಹಚ್ಚಬೇಕಾಗಿತ್ತು, ತಪ್ಪಿಹೋತು ಅಂತ ತಿಳೀತದ. ಅದಕ್ಕ ತಾನ ಹಚ್ತದ. ನಾಕ ಕೋಟಿ ಮಂದಿ ಒಳಗ ಬೇಕಂತ ಕಂಬ ಬಿಡವರು ಒಬ್ಬರೂ ಸಿಕ್ಕಿಲ್ಲ ನಮಗ."

"ಬಿಗಿ ಆಗೂದು ಬಿಡಾಕ ರೀ, ಕಸೂತಿ ಗಾವಂತಿ ಹಂಗ. ಒತ್ತಬಾರದು ಅಂತ ತಡದ ಹಿಡದಿರ್ತೀನಿ."

ಅವರು ಆ ತುಣುಕನ್ನು ಮತ್ತೊಮ್ಮೆ ಓಡಿಸಿ ನೋಡಿದರು. "ತಡದು ಹಿಡಿಯೋದು, ಒತ್ತಲಿಕ್ಕೆ ತಯಾರಾಗೋದು, ಎರಡೂ ನಮಗ ಒಂದ ನಮೂನಿ ಕಾಣಸ್ತದ."

"ತಪ್ಪಿದ್ರ ವಾಪಸ್ ತಗೋತೈತಿ ಅಂದಿದ್ರು."

"ನೀವು ಎದುರು ಒತ್ತಿದ್ರ ತಗೋತದ. ಏನೂ ಮಾಡದ ಬಿಡೋದನ್ನ ಅದು ಹ್ಞೂಂ ಅಂತ ತಿಳೀತದ."

"ಈ ಊಹಾ ಬಂದ್ ಮಾಡಾಕ ಬರತೈತಿ?"

"ಕಡಿಮಿ ಮಾಡ್ಲಿಕ್ಕೆ ಬರ್ತದ. ಬಂದ್ ಆಗೂದಿಲ್ಲ. ಚಿತ್ರದ ಊಹಾ, ಕೈ ಊಹಾ, ಎದುರಿನವರ ಕೈ ಊಹಾ, ಮೂರೂ ಒಂದಕ್ಕೊಂದು ಹೆಣಕೊಂಡಾವ. ಒಂದು ತಗದ್ರ ಎಲ್ಲಾ ಬೀಳ್ತಾವ."

ಆಮೇಲೆ ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಕುಳಿತರು. ಕಣ್ಣಲ್ಲಿ ಬೇರೆ ಹೊಳಪು ಬಂದಿತ್ತು. "ಭುವನಾ ಅವರ, ನಿಮ್ಮ ಕೈನ ನಲವತ್ತು ತಾಸು ನಮಗ ಕೊಡ್ರಿ. ಇಲ್ಲೇ ಕೂತು ಆಡ್ರಿ. ಮುಂದಿನ ಆವೃತ್ತಿಯೊಳಗ ನಿಮ್ಮ ಗಾವಂತಿ ಇರ್ತದ. ಕಾರ್ಡು ತಾನ ಬಿಡ್ತದ, ತಾನ ತುಂಬ್ತದ. ನಿಮ್ಮ ಹೆಸರ ಇಡ್ತೀವಿ ಅದಕ್ಕ. ತಂಡದ ಜಾಗದ ಚಿಂತಿ ನಿಮಗ ಬ್ಯಾಡ, ನಾವು ಮಾತಾಡ್ತೀವಿ."

ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಏಳು ವರ್ಷ ಬಾಗಿಲಲ್ಲಿ ನಿಂತವಳನ್ನು ಯಾರೋ ಕೈಹಿಡಿದು ಒಳಗೆ ಕರೆಯುತ್ತಿದ್ದರು. ನಾಲ್ಕು ಕೋಟಿ ಮಂದಿ ನನ್ನ ಹೆಸರಿನ ಆಟ ಆಡುತ್ತಾರೆ. ಹ್ಞೂಂ ಎನ್ನಲು ನಾಲಿಗೆ ತಯಾರಾಗಿತ್ತು.

"ಅದಾದ ಮ್ಯಾಲೆ ನಾ ಬ್ಯಾರೆ ಏನರ ಮಾಡಬೇಕು ಅನಿಸಿದ್ರ?" ಎಂದು ಕೇಳಿದೆ. "ಎರಡ ಕಂಬಾ ಬಿಟ್ಟು ಒಂದು ಹಚ್ಚಬೇಕು ಅನಿಸಿದ್ರ?"

"ಅದನ್ನೂ ಕಲೀತದ."

"ನಾ ಮಾಡಿದ ಮ್ಯಾಲೆ ಕಲೀತೈತಿ. ಮೊದಲ ಸಲ ಮಾಡಾಕ ಬಿಡಬೇಕಲ್ರಿ."

ಅವರು ಕಾರ್ಡನ್ನು ಯಂತ್ರದಿಂದ ಬಿಚ್ಚಿ ಕೊಟ್ಟರು. ನಾನು ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡೆ. ಬಾಗಿಲವರೆಗೆ ಬಂದು ಅವರು ಮೆಲ್ಲಗೆ ಹೇಳಿದರು, "ಆಯ್ಕಿಗೆ ಬರವರೆಲ್ಲಾ ಇದರ ಮ್ಯಾಲೆ ಆಡ್ತಾರ. ಕೊರಾ ಹಿಡಕೊಂಡು ಹೋದ್ರ ನಿಮಗ ಕಣ್ಣು ಕಟ್ಟಿದಂಗ ಆಗ್ತದ."

"ಕಣ್ಣು ಕಟ್ಟಲಿ. ಕೈ ಕಟ್ಟಿಸಿಕೊಳ್ಳಂಗಿಲ್ಲ ನಾ," ಎಂದು ಹೊರಗೆ ಬಂದೆ.

ನದಾಫ್ ಕಾಕಾ ಮುನ್ನೋಟವನ್ನು ವಾಪಸ್ ತೆಗೆದುಕೊಂಡು ಕೊರಾದ ಡಬ್ಬಿ ಒಡೆದರು. ಒಡೆಯುವಾಗ ತಮ್ಮನ್ನೇ ಬೈದುಕೊಂಡರು. "ಅವತ್ತ ನಾ ನೋಡಿದ್ದೆ ಭುವನಾ. ನೀ ಗೆದ್ದಿ ಖರೇ, ಖರೇ ಅಂದ್ರ ನೀ ಆಡಲೇ ಇಲ್ಲ. ಬಾಯಿ ಬಿಡಬಾರದು ಅಂತ ನಿಯಮ ಮಾಡಿದ್ದು ನಾನ, ಮೂರ್ಖ."

"ನಿಮ್ಮ ತಪ್ಪಲ್ಲ ಕಾಕಾ. ಯಾರು ಗೆದ್ರು ಅಂತ ನೋಡಿದೆ, ಹೆಂಗ ಗೆದ್ರು ಅಂತ ನೋಡಲಿಲ್ಲ ನಾ."

ಮನೆಯಲ್ಲಿ ಶಿವಯೋಗಿ ಮೊದಲ ಬಾರಿಗೆ ಮುಖ ಕೆಡಿಸಿಕೊಂಡರು. "ಏಳು ವರ್ಷ ಕಾದು, ಈಗ ಬಾಗಲಾ ತಗದಾಗ ನೀನ ಒದ್ದು ಬರ್ತಿಯೇನು?"

"ಹೌದು," ಎಂದೆ. "ಒದ್ದ ಬಂದೀನಿ."

ಅವರು ಎದ್ದು, ಪಂದ್ಯದ ದಿನ ಡ್ಯೂಟಿ ಬೇಡವೆಂದು ಡಿಪೋಗೆ ಫೋನು ಮಾಡಿದರು. ನಮ್ಮ ಮನೆಯಲ್ಲಿ ಒಪ್ಪಿಗೆ ಹೀಗೆಯೇ ಬರುತ್ತದೆ.

ಉಳಿದದ್ದು ಏಳು ದಿನ. ಮೊದಲ ನಾಲ್ಕು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಅತ್ತೆ ನನ್ನೆದುರು ಕುಳಿತು ಒಂದು ಹಳೆಯ ಸೀರೆಯ ತುಂಡಿನ ಮೇಲೆ ಗಾವಂತಿ ಹಾಕಿಸಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಬರೀ ನೇರ ಗೆರೆ. "ಎತ್ತು. ಬಿಡು. ಎತ್ತು. ಬಿಡು." ಮೂರನೆಯ ತರಗತಿಯ ಮಗುವಿಗೆ ಮಗ್ಗಿ ಹೇಳಿಸುವ ಹಾಗೆ. ಮೊದಲ ದಿನ ಹತ್ತಕ್ಕೆ ಏಳು ತಪ್ಪು. ನಾಲ್ಕನೆಯ ದಿನ ಮಧ್ಯಾಹ್ನ ಅತ್ತೆ ಹೇಳುವುದನ್ನು ನಿಲ್ಲಿಸಿದ್ದು ನನಗೆ ಗೊತ್ತೇ ಆಗಲಿಲ್ಲ. ಅರ್ಧ ಮೊಳ ಹೋಗಿ ನೋಡಿದರೆ ಎಲ್ಲ ಸರಿ ಇತ್ತು. ನಾನು ಅತ್ತುಬಿಟ್ಟೆ. ಅತ್ತೆ ಎದ್ದು ಚಹಾಕ್ಕೆ ಇಟ್ಟರು.

ಆಯ್ಕೆ ಪಂದ್ಯ ಭಾನುವಾರ ಮಧ್ಯಾಹ್ನ, ವಿದ್ಯಾನಗರದ ಒಂದು ಸಭಾಭವನದಲ್ಲಿ. ನಿಯಮದ ಪ್ರಕಾರ ಆಟಗಾರರು ತಮ್ಮ ಕಾರ್ಡು ತಾವೇ ತರಬಹುದು, ಕಂಪ್ಯೂಟರ್ ಸಂಘಟಕರದು. ನಾನು ಕೊರಾ ಕೊಟ್ಟಾಗ ಕಾರ್ಡು ಜೋಡಿಸುವ ತಂತ್ರಜ್ಞ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಎದುರಾಳಿ ಚಿರಾಗ್ ಬೆಟಗೇರಿ, ಇಪ್ಪತ್ತೆರಡು ವರ್ಷ, ಒಂದೂವರೆ ವರ್ಷದಿಂದ ಮುನ್ನೋಟದ ಮೇಲೆಯೇ ಆಡಿದವನು. ಸೊಕ್ಕಿನವನಲ್ಲ. ಬಂದು ನಮಸ್ಕಾರ ಮಾಡಿದ. ನಿರ್ಣಾಯಕರು ಹಿರೇಮಠ ಎಂಬವರು, ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಮೂರು ಸುತ್ತು, ಎರಡು ಗೆದ್ದವರಿಗೆ ಜಾಗ.

ಗಾವಂತಿ ಬಿಟ್ಟು ಅವನ ಹಿಂದೆ ಓಡಲು ಹೋಗಿ ಮೊದಲ ಸುತ್ತು ಸೋತೆ. ಜೋಶಿಯವರು ಹೇಳಿದಂತೆಯೇ ಆಯಿತು. ಅವನ ದೀಪಗಳು ಎಲ್ಲಿಂದ ಬಂದವೆಂದು ನನ್ನ ಪರದೆ ತೋರಿಸುವಷ್ಟರಲ್ಲಿ ಗೋಡೆ ಮುಗಿದಿರುತ್ತಿತ್ತು. ಹಿಂದೆ ಕುಳಿತ ಶಿವಯೋಗಿಯವರ ಕೆಮ್ಮು ಕೇಳಿಸಿತು.

ಎರಡನೆಯ ಸುತ್ತಿನಲ್ಲಿ ಅವನನ್ನು ನೋಡುವುದನ್ನೇ ಬಿಟ್ಟೆ. ಓಟದಲ್ಲಿ ನಾನು ಗೆಲ್ಲುವುದಿಲ್ಲ, ಹಾಗಾದರೆ ಓಡುವುದೇಕೆ? ಉದ್ದದ ಗೋಡೆ ಹಿಡಿದೆ. ಹಚ್ಚಿದೆ, ಬಿಟ್ಟೆ. ಹಚ್ಚಿದೆ, ಬಿಟ್ಟೆ. ಮೂರನೆಯ ಒಂಟಿ ದೀಪಕ್ಕೆ ಚಿರಾಗ್ ಗಾಳಿ ಬಿಟ್ಟ. ಅವನ ಪರದೆ ನಾಲ್ಕು ಸೆಕೆಂಡು ಕತ್ತಲಾಯಿತು. ಬೆಳಕು ಬಂತು, ಮತ್ತೆ ಒಂಟಿ ದೀಪಕ್ಕೇ ಗಾಳಿ ಬಿಟ್ಟ. ಮತ್ತೆ ಕತ್ತಲೆ. ಆಟ ಕಲಿತ ಮೊದಲ ವಾರದಲ್ಲೂ ಯಾರೂ ಮಾಡದ ತಪ್ಪು. ಆಗ ನನಗೆ ಹೊಳೆಯಿತು. ಎದುರಿನವರ ಕೈಯನ್ನೂ ಆ ಕಾರ್ಡು ಊಹಿಸುತ್ತದೆ ಎಂದು ಜೋಶಿಯವರು ಹೇಳಿದ್ದರು. ನಾನು ಬಿಟ್ಟ ಕಂಬದಲ್ಲಿ ಅವನ ಕಾರ್ಡು ತಾನೇ ದೀಪ ಬರೆದು ತೋರಿಸುತ್ತಿತ್ತು, ಯಾಕೆಂದರೆ ನಾಲ್ಕು ಕೋಟಿ ಮಂದಿ ಅಲ್ಲಿ ಹಚ್ಚುತ್ತಾರೆ. ಇಲ್ಲದ ಆ ದೀಪ ಕಂಡು ಅವನ ಬೆರಳು ಬಿಗಿಯಾಗುತ್ತಿತ್ತು, ಆ ಬಿಗಿ ನೋಡಿ ಕಾರ್ಡೇ ಗಾಳಿ ಬಿಡುತ್ತಿತ್ತು. ಒಂದು ಊಹೆಯನ್ನು ಇನ್ನೊಂದು ಊಹೆ ನಂಬಿತ್ತು. ನಾನು ವಾಪಸ್ ಬರುತ್ತಾ ನಿಧಾನವಾಗಿ ಒಂದೊಂದೇ ಕಂಬ ತುಂಬಿದೆ. ಕತ್ತಲಲ್ಲಿ ಕುಳಿತವನು ಏನು ಮಾಡಿಯಾನು? ಗೆದ್ದೆ.

ಸಭಾಭವನದಲ್ಲಿ ಗದ್ದಲವೆದ್ದಿತು. ಹಿರೇಮಠರು ಇಬ್ಬರು ತಂತ್ರಜ್ಞರ ಜೊತೆ ಹತ್ತು ನಿಮಿಷ ಮಾತಾಡಿ ಮೈಕಿನ ಹತ್ತಿರ ಬಂದರು.

"ಎರಡನೇ ಸುತ್ತು ಲೆಕ್ಕಕ್ಕಿಲ್ಲ. ಹೂಗಾರ ಅವರ ಆಟದಿಂದ ಎದುರಿನವರ ಕಾರ್ಡಿನ್ಯಾಗ ದೋಷ ಬರಾಕತ್ತೈತಿ. ಮರು ಆಟ. ಇಬ್ಬರೂ ಮುನ್ನೋಟದ ಮ್ಯಾಲೆ."

ನಾನು ಎದ್ದು ನಿಂತೆ. "ನಾ ಯಾವ ನಿಯಮ ಮುರದೀನಿ ಹೇಳ್ರಿ."

"ನಿಯಮ ಮುರದಿಲ್ಲ. ಆದ್ರ ಹಂಗ ಯಾರೂ ಆಡಂಗಿಲ್ಲಲ್ರಿ."

"ನಾ ಆಡ್ತೀನಿ. ಇಲ್ಲೇ ನಿಂತೀನಲ್ಲ ನಿಮ್ಮ ಮುಂದ. ನನ್ನ ದೀಪ ಎಲ್ಲಿ ಐತಿ ಅಂತ ಅವರ ಕಾರ್ಡ್ ಸುಳ್ಳು ಹೇಳಿದ್ರ ತಪ್ಪು ನಂದೇನು? ಹಚ್ಚದ ಇರೂದು ದೋಷ ಹೆಂಗಾಗ್ತೈತ್ರಿ?"

"ಮರು ಆಟ ಆಡಂಗಿಲ್ಲ ಅಂದ್ರ ನೀವು ಬಿಟ್ಟುಕೊಟ್ಟಂಗ."

"ಬಿಟ್ಟುಕೊಡಂಗಿಲ್ಲ. ಆ ಕಾರ್ಡಿನ ಮ್ಯಾಲೆ ಆಡಂಗೂ ಇಲ್ಲ."

ಹಿರೇಮಠರು ಒಂದು ಕಾಗದವನ್ನು ಚಿರಾಗನ ಮುಂದೆ ಇಟ್ಟರು. ಎದುರಾಳಿ ಹಿಂದೆ ಸರಿದಿದ್ದಾರೆ, ಗೆಲುವು ತನಗೆ ಎಂದು ಅವನು ಸಹಿ ಮಾಡಿದರೆ ಸಾಕು, ಜಾಗ ಅವನದು. ಹುಡುಗ ಪೆನ್ನು ತೆಗೆದುಕೊಂಡ. ನಾನು ನಿಂತೇ ಇದ್ದೆ.

"ಸರ," ಎಂದ ಅವನು, "ಮೊದಲ ಅವರ ಪರದೆ ಒಮ್ಮೆ ತೋರಸ್ರಿ ನನಗ. ಆ ಸುತ್ತಿನ್ಯಾಗ ಅವರ ಕಡೆ ಏನ್ ಕಾಣತಿತ್ತು ನೋಡ್ಬೇಕು."

ತೋರಿಸಿದರು. ಗೋಡೆಯುದ್ದಕ್ಕೂ ಒಂದು ದೀಪ, ಒಂದು ಖಾಲಿ. ಒಂದು ದೀಪ, ಒಂದು ಖಾಲಿ. ಚಿರಾಗ್ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ.

"ಇದನ್ನ ನಾ ನೋಡಿಲ್ಲ," ಎಂದ. "ಒಂದ ಸಲನೂ ನೋಡಿಲ್ಲ. ನನಗ ಎಲ್ಲಾ ಕಂಬದಾಗೂ ದೀಪ ಕಾಣತಿದ್ವು." ನನ್ನ ಕಡೆ ತಿರುಗಿದ. "ಹಂಗಾದ್ರ ನಾ ಯಾರ ಜೋಡಿ ಆಡಿದ್ನಿ ಅಕ್ಕಾ?"

"ನಾಕ ಕೋಟಿ ಮಂದಿ ಜೋಡಿ," ಎಂದೆ. "ನನ್ನ ಬಿಟ್ಟು."

ಅವನ ಕಿವಿ ಕೆಂಪಾದವು. ನಾಚಿಕೆಯೋ ಸಿಟ್ಟೋ, ಎರಡೂ ಇರಬೇಕು. ಪೆನ್ನನ್ನು ಕಾಗದದ ಮೇಲೆ ಇಟ್ಟುಬಿಟ್ಟ. "ಎರಡನೇ ಸುತ್ತು ಅವರು ಗೆದ್ದಾರ್ರಿ ಸರ, ಬರಕೋರಿ. ಮೂರನೇದು ಆಡ್ತೀನಿ. ನನಗೂ ಕೊರಾ ಹಾಕ್ರಿ."

ಕೊರಾ ಇನ್ನೊಂದು ಎಲ್ಲಿಂದ ಬರಬೇಕು? ಹುಬ್ಬಳ್ಳಿಯಲ್ಲಿ ಅದನ್ನು ಕೊಂಡವಳು ನಾನೊಬ್ಬಳೇ. ಶಿವಯೋಗಿ ಆಗಲೇ ಬಾಗಿಲು ದಾಟಿದ್ದರು. ಮುಕ್ಕಾಲು ಗಂಟೆಯಲ್ಲಿ ಡಬ್ಬಿಯ ಸಮೇತ ನದಾಫ್ ಕಾಕಾನನ್ನೇ ಕರೆದುಕೊಂಡು ಬಂದರು. ಭಾನುವಾರ ಅಂಗಡಿ ತೆಗೆಸಿದ್ದಕ್ಕೆ ಕಾಕಾ ಗೊಣಗುತ್ತಿದ್ದರು, ಕಣ್ಣು ಮಾತ್ರ ಹೊಳೆಯುತ್ತಿದ್ದವು.

ಮೂರನೆಯ ಸುತ್ತು ಶುರುವಾದಾಗ ಚಿರಾಗನ ಕೈ ಮೌಸಿನ ಮೇಲೆ ಸುಮ್ಮನೆ ಕುಳಿತಿತ್ತು. ಐದು ಸೆಕೆಂಡು, ಹತ್ತು ಸೆಕೆಂಡು. ಏನೋ ಆಗಲಿ ಎಂದು ಅವನು ಕಾಯುತ್ತಿದ್ದ, ಏನೂ ಆಗಲಿಲ್ಲ. ಆಮೇಲೆ ಬಗ್ಗಿ ತನ್ನ ಬೆರಳನ್ನೇ ನೋಡಿಕೊಂಡು ಒತ್ತಿದ. ಒಂದು ಮೂಲೆಯಲ್ಲಿ ಒಂದು ದೀಪ ಹತ್ತಿತು. ಕೆಲಸಕ್ಕೆ ಬಾರದ ಕಂಬ ಅದು. ಪಾಪ ಎನಿಸಿತು. ಆದರೂ ಬಿಡಲಿಲ್ಲ. ಕನಿಕರಪಟ್ಟು ಆಡುವುದಾಗಿದ್ದರೆ ಇಷ್ಟು ಜಗಳ ಯಾಕೆ ಬೇಕಿತ್ತು? ಹುಡುಗ ನಡುವೆ ಕೈ ಕುದುರಿಸಿಕೊಂಡ. ನಾನು ವಾಪಸ್ ಬರುವಾಗ ಎರಡು ಸಲ ಸರಿಯಾದ ಜಾಗಕ್ಕೆ ಗಾಳಿ ಬಿಟ್ಟು ದೀಪ ಆರಿಸಿದ. ಮತ್ತೆ ಹೋದೆ, ಮತ್ತೆ ಬಂದೆ. ಕೊನೆಗೆ ಒಂದು ಗೋಡೆಯ ಅಂತರದಲ್ಲಿ ಗೆದ್ದೆ. ಅಷ್ಟು ಕಷ್ಟದ, ಅಷ್ಟು ರುಚಿಯ ಆಟವನ್ನು ನಾನು ವರ್ಷಗಳಿಂದ ಆಡಿರಲಿಲ್ಲ.

ಹಿರೇಮಠರು ಆಯ್ಕೆಯ ಫಾರ್ಮು ತಂದರು. ಹೆಸರು, ವಿಳಾಸ, ಷರತ್ತುಗಳು. ಆರನೆಯ ಷರತ್ತು: ತಂಡದ ಎಲ್ಲ ಸದಸ್ಯರೂ ಪಂದ್ಯಗಳ ಋತುವಿನುದ್ದಕ್ಕೂ ಮುನ್ನೋಟ ಕಾರ್ಡನ್ನೇ ಬಳಸತಕ್ಕದ್ದು. ಎರಡು ಸಲ ಓದಿದೆ. ಹಿಂದೆ ತಿರುಗಿ ಶಿವಯೋಗಿಯವರನ್ನು ನೋಡಿದೆ. ಅವರಿಗೆ ಫಾರ್ಮಿನಲ್ಲಿ ಏನಿದೆಯೆಂದು ಗೊತ್ತಿರಲಿಲ್ಲ, ನನ್ನ ಮುಖ ನೋಡಿಯೇ ತಿಳಿದುಕೊಂಡರು. ಆಗಲಿ ಎನ್ನುವ ಹಾಗೆ ತಲೆ ಆಡಿಸಿದರು.

ಆರನೆಯ ಷರತ್ತಿನ ಮೇಲೆ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು, ಕೆಳಗೆ ಸಹಿ ಮಾಡಿ ಕೊಟ್ಟೆ.

"ಹಿಂಗ ಹೊಡದ ಹಾಕಿದ್ರ ನಡಿಯಂಗಿಲ್ರಿ," ಎಂದರು ಹಿರೇಮಠರು. "ಇದನ್ನ ತಗೊಳ್ಳಾಕ ನನಗ ಅಧಿಕಾರ ಇಲ್ಲ. ಮ್ಯಾಲಿನವರನ್ನ ಕೇಳಬೇಕು."

"ಕೇಳ್ರಿ. ನಾ ಗೆದ್ದೀನಿ, ಜಾಗಾ ನಂದು. ಆ ಸಾಲು ಇರೂದಾದ್ರ, ನನ್ನ ಸೋಲಸವರನ್ನ ಕಳಸ್ರಿ. ಅಲ್ಲೀತನಕ ನಾ ಈ ಕುರ್ಚಿ ಬಿಟ್ಟು ಏಳಂಗಿಲ್ಲ."

ಕುಳಿತೆ. ಹಿರೇಮಠರು ಫೋನು ತೆಗೆದು ನಂಬರು ಒತ್ತಿದರು. ಆ ಕಡೆಯ ಮೇಜಿನಲ್ಲಿ ತಂತ್ರಜ್ಞ ಚಿರಾಗನ ಕ್ಯಾಬಿನೆಟ್ಟಿನ ಬಾಗಿಲು ತೆಗೆದು, ಕೊರಾವನ್ನು ಬಿಚ್ಚಿ ಮುನ್ನೋಟ ಹಾಕಲು ಸ್ಕ್ರೂ ತಿರುಗಿಸತೊಡಗಿದ್ದ. ಚಿರಾಗನಿಗೆ ಮೀಸಲು ಆಟಗಾರನ ಜಾಗಕ್ಕಾಗಿ ಆ ಸಂಜೆಯೇ ಇನ್ನೊಂದು ಪಂದ್ಯವಿತ್ತು.

ಅವನು ತಂತ್ರಜ್ಞನ ಮೊಣಕೈ ಹಿಡಿದ.

"ತಗೀಬ್ಯಾಡ್ರಿ," ಎಂದ. "ಅದು ಅಲ್ಲೇ ಇರಲಿ."

ಹಿರೇಮಠರು ಕಿವಿಗೆ ಹಿಡಿದ ಫೋನಿನಲ್ಲಿ ಆ ಕಡೆಯವರು ಹಲೋ ಹಲೋ ಎನ್ನುತ್ತಿದ್ದರು. ಈಗ ಹಿರೇಮಠರು ಮೇಲಿನವರನ್ನು ಕೇಳಬೇಕಾದದ್ದು ನನ್ನ, ಚಿರಾಗನ, ಇಬ್ಬರ ಮಾತಾಗಿತ್ತು.